ಅಳ್ನಾವರ ಒಡೆದುಹೋದ ದಿನ

ವೀಕ್ಷಕರೇ, ಇವತ್ತು ನಮ್ಮದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಹೋದ ತಿಂಗಳು ಮಳೆ ಸುದ್ದಿ ಓಡ್ತಾ ಇತ್ತು. ಪರದೆಯ ಕೆಳಗೆ ಸರಿದುಹೋಗುವ ಪಟ್ಟಿ ಇದೆಯಲ್ಲ, ನಾವು ಅದನ್ನ ಸ್ಕ್ರೋಲ್ ಅಂತೀವಿ, ಅದರಲ್ಲಿ ಧಾರವಾಡ ಜಿಲ್ಲೆಯ ಊರುಗಳ ಹೆಸರು ಒಂದೊಂದಾಗಿ ಬರ್ತಾ ಇದ್ದವು. ಕಲಘಟಗಿ ಬಂತು, ಸರಿಯಾಗಿತ್ತು. ನವಲಗುಂದ, ಕುಂದಗೋಳ ಬಂದವು, ಅವೂ ಸರಿಯಾಗಿದ್ದವು. ಆಮೇಲೆ ಅಣ್ಣಿಗೇರಿ ಬಂತು ನೋಡಿ, ಣಕಾರದ ಒತ್ತು ಕಳಚಿ ಪಕ್ಕಕ್ಕೆ ಬಿದ್ದಿತ್ತು. ಅದರ ಹಿಂದೆಯೇ ಅಳ್ನಾವರ. 'ಅಳ್' ಒಂದು ಕಡೆ, 'ನಾವರ' ಇನ್ನೊಂದು ಕಡೆ. ಹುಬ್ಬಳ್ಳಿಯ ಗತಿ ಹೇಳೋದೇ ಬೇಡ, ಎರಡು ಒತ್ತಕ್ಷರದ ಊರು ಅದು. ನಾನು ಕ್ಯಾಮೆರಾ ನೋಡಿಕೊಂಡು ಮಾತಾಡ್ತಾ ಇದ್ದೆ. ನನ್ನ ಹೊಟ್ಟೆಯ ಕೆಳಗೆ ಏನು ಓಡ್ತಾ ಇದೆ ಅಂತ ನನಗೆ ಕಾಣೋದಿಲ್ಲ.

ಬುಲೆಟಿನ್ ಮುಗಿಯುವಷ್ಟರಲ್ಲಿ ಕಚೇರಿಗೆ ಫೋನ್ ಬಂತು.

"ನಮಸ್ಕಾರ್ರೀ ಸರ. ಅಳ್ನಾವರದಿಂದ ಮಾತಾಡಾಕತ್ತೀನ್ರೀ. ನಮ್ಮೂರಾಗ ಮಳಿ ಬಂದಿದ್ದು ಖರೇ ಐತ್ರಿ. ಆದ್ರ ಊರು ಒಡದು ಎರಡಾಗಿಲ್ಲ. ನಿಮ್ಮ ಟಿವ್ಯಾಗ ಯಾಕ ಒಡದೈತಿ?"

ನಾನು ನಕ್ಕೆ. ಅವರು ನಗಲಿಲ್ಲ. ಕ್ಷಮೆ ಕೇಳಿ ಫೋನ್ ಇಟ್ಟೆ, ಆದರೆ ಪ್ರಶ್ನೆ ಉಳಿಯಿತು. ಕಂಪ್ಯೂಟರಿನೊಳಗೆ ಕನ್ನಡ ಹೇಗೆ ಕೂತಿದೆ? ಅದನ್ನ ಕೂರಿಸಿದವರು ಯಾರು? ಬಿಲ್ ಗೇಟ್ಸ್ ಹೆಸರು ನಮಗೆ ಗೊತ್ತು, ಜುಕರ್‌ಬರ್ಗ್ ಹೆಸರು ಗೊತ್ತು. ದಿನಕ್ಕೆ ನೂರು ಸಲ ವಾಟ್ಸಾಪ್‌ನಲ್ಲಿ ಕನ್ನಡ ಕುಟ್ಟುವ ನಮಗೆ ಆ ಅಕ್ಷರಗಳನ್ನ ಅಲ್ಲಿಗೆ ತಂದವರ ಹೆಸರು ಗೊತ್ತಿಲ್ಲ.

ಮೊದಲು ಅಳ್ನಾವರವನ್ನೇ ಬಿಚ್ಚಿ ನೋಡೋಣ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಹಾಗಾಗಿ ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ನಂಬರು ಕೊಟ್ಟಿದ್ದಾರೆ. ಈ ದೊಡ್ಡ ಪಟ್ಟಿಯ ಹೆಸರೇ ಯೂನಿಕೋಡ್. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ 128 ಮನೆ ಕಾದಿರಿಸಿದ್ದರು. ಅಳ್ನಾವರ ಅಂತ ನೀವು ಬರೆದರೆ ಒಳಗೆ ಉಳಿಯೋದು ಇಷ್ಟು: 3205, 3251, 3277, 3240, 3262, 3253, 3248. ಒಟ್ಟು ಏಳು ಅಂಕಿ. ಮೊದಲನೆಯದು ಅ. ಎರಡನೆಯದು ಳ. ಮೂರನೆಯದು ಹಲಂತ, ಅಂದರೆ ಳಕಾರದ ಒಳಗಿನ 'ಅ' ಸ್ವರವನ್ನ ತೆಗೆದು ಅದನ್ನ ಮುಂದಿನ ಅಕ್ಷರಕ್ಕೆ ಕಟ್ಟು ಅನ್ನುವ ಆಜ್ಞೆ. ಆಮೇಲೆ ನ, ಅದರ ದೀರ್ಘ, ವ, ರ.

ಇಲ್ಲಿ ಒಂದು ವಿಷಯ ಗಮನಿಸಿ. ನಾವು ಬಾಯಲ್ಲಿ ಹೇಳುವ ಕ್ರಮದಲ್ಲೇ ಅಂಕಿಗಳು ಕೂತಿವೆ. ಆದರೆ ಕಾಗದದ ಮೇಲೆ ನಾವು ಬರೆಯೋದು ಹಾಗಲ್ಲ. ಳಕಾರಕ್ಕೆ ಮೇಲೆ ದೀರ್ಘ ಎಳೀತೀವಿ, ನಕಾರವನ್ನ ಕೆಳಗೆ ಒತ್ತಾಗಿ ತೂಗುಹಾಕ್ತೀವಿ. ದೀರ್ಘ ನಕಾರದ್ದು, ಕೂರೋದು ಳಕಾರದ ಹೆಗಲ ಮೇಲೆ! ಉಚ್ಚಾರಕ್ಕೂ ಬರವಣಿಗೆಗೂ ನಡುವೆ ಈ ಜಿಗಿತ ಇದೆ. ನಾವು ಒಂದನೇ ಇಯತ್ತೆಯಲ್ಲಿ ಸ್ಲೇಟಿನ ಮೇಲೆ ತಿದ್ದಿ ಇದನ್ನ ಕಲಿತು ಮರೆತಿದ್ದೇವೆ. ಕಂಪ್ಯೂಟರಿಗೆ ಯಾರಾದರೂ ಕಲಿಸಲೇಬೇಕು. ನಮ್ಮ ಚಾನೆಲ್‌ನ ಸ್ಕ್ರೋಲ್ ಯಂತ್ರಕ್ಕೆ ಅಂಕಿಗಳು ಸರಿಯಾಗಿಯೇ ತಲುಪಿದ್ದವು. ಕಟ್ಟುವ ವಿದ್ಯೆ ಮಾತ್ರ ಆ ದಿನ ಕೈಕೊಟ್ಟಿತ್ತು. ಒತ್ತಿಲ್ಲದ ಕಲಘಟಗಿ, ನವಲಗುಂದ ಬಚಾವಾದವು, ಒತ್ತು ಇದ್ದ ಊರುಗಳೆಲ್ಲ ಒಡೆದವು.

ಈಗ ಜನರ ಹತ್ತಿರ ಬರೋಣ.

ಮಂಗಳೂರು ಹತ್ತಿರ ಕಿನ್ನಿಕಂಬಳ ಅಂತ ಊರಿದೆ. ಅಲ್ಲಿಯವರು ಪದ್ಮನಾಭ ರಾವ್, ನಾಡೆಲ್ಲ ಕರೆಯೋದು ಕೆ.ಪಿ. ರಾವ್ ಅಂತ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು, ಅಚ್ಚುಮೊಳೆಗೆ ಹೆಸರಾದ ಮೊನೊಟೈಪ್ ಕಂಪನಿಯಲ್ಲೂ ಇದ್ದವರು. ಅಂದರೆ ಕಂಪ್ಯೂಟರೂ ಗೊತ್ತು, ಅಕ್ಷರದ ಆಕಾರವೂ ಗೊತ್ತು, ಜೊತೆಗೆ ಹಳೆ ವ್ಯಾಕರಣದ ಹುಚ್ಚು ಬೇರೆ. ಇಂಥ ಮೂರು ಗುಣ ಒಬ್ಬರಲ್ಲೇ ಸೇರೋದು ಅಪರೂಪ. ಕನ್ನಡದ ಅದೃಷ್ಟ, ಸೇರಿತ್ತು.

ಕನ್ನಡ ಟೈಪ್‌ರೈಟರಿನಲ್ಲಿ ಕೆಲಸ ಮಾಡಿದ ಹಿರಿಯರನ್ನ ಕೇಳಿ. ಅರ್ಧ ಅಕ್ಷರಕ್ಕೊಂದು ಕೀಲಿ, ತಲೆಕಟ್ಟಿಗೊಂದು ಕೀಲಿ, ಒತ್ತಿಗೊಂದು ಕೀಲಿ. ಕಲಿಯೋಕೆ ತಿಂಗಳುಗಟ್ಟಲೆ ಬೇಕು. ಕೆ.ಪಿ. ರಾವ್ ಯೋಚನೆ ಬೇರೆ. ಕನ್ನಡ ಅಕ್ಷರದ ಆಕಾರ ಸಾವಿರ ಇರಬಹುದು, ಆದರೆ ಅವನ್ನ ಹುಟ್ಟಿಸುವ ಧ್ವನಿ ಇರೋದು ಐವತ್ತರ ಆಸುಪಾಸು. ಧ್ವನಿಯನ್ನ ಮಾತ್ರ ಕುಟ್ಟಿದರೆ ಸಾಕು, ಆಕಾರ ಕಟ್ಟೋದು ಯಂತ್ರದ ಕೆಲಸ. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ಕೂತಿತು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. 'ಎಲ್' ಒತ್ತಿದರೆ ಲ, ಶಿಫ್ಟ್ ಹಿಡಿದರೆ ಳ. ಒತ್ತು ಬೇಕಾದರೆ ನಡುವೆ 'ಎಫ್'. ಆ 'ಎಫ್' ಕೀಲಿ ಹಲಂತದ್ದು, ಎರಡು ಅಕ್ಷರಗಳನ್ನ ಕಟ್ಟುವ ಹಗ್ಗ. ಅಳ್ನಾವರ ಬರೆಯೋಕೆ ಏಳು ಸಲ ಕೀಲಿ ಒತ್ತಿದರೆ ಆಯ್ತು. ಒಳಗಿನ ಅಂಕಿಯೂ ಏಳೇ ಅಲ್ವಾ? ಕನ್ನಡದ ವರ್ಣಮಾಲೆಯ ಜೋಡಣೆಯೇ ಹಾಗಿದೆ. ಅದನ್ನ ಹಾಗೇ ಕೀಲಿಮಣೆಗೆ ಇಳಿಸುವ ಬುದ್ಧಿ ಮಾತ್ರ ಅವರದು.

ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಅಂತ ಹೆಸರಿಟ್ಟು, ಜನರಿಗೆ ಉಚಿತವಾಗಿ ಕೊಟ್ಟುಬಿಟ್ಟರು. ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ ಕೀಲಿಮಣೆ ವಿನ್ಯಾಸಕ್ಕೆ ಅದೇ ಬುನಾದಿ. ಇವತ್ತು ತಾಲೂಕು ಕಚೇರಿಯಲ್ಲಿ, ಪತ್ರಿಕಾಲಯದಲ್ಲಿ, ನಮ್ಮ ನ್ಯೂಸ್ ಡೆಸ್ಕಿನಲ್ಲಿ ಬೆರಳು ಓಡೋದು ಬಹುಪಾಲು ಅದೇ ದಾರಿಯಲ್ಲಿ. ಪ್ರತಿ ಕೀಲಿಗೆ ಒಂದು ಪೈಸೆ ಅಂತ ಅವರು ಕೇಳಿದ್ದರೆ? ಕೇಳಲಿಲ್ಲ.

1998ರಲ್ಲಿ 'ಬರಹ' ಬಂತು. ಬರೆದವರು ಶೇಷಾದ್ರಿವಾಸು ಚಂದ್ರಶೇಖರನ್, ಅಮೆರಿಕದಲ್ಲಿದ್ದ ಕನ್ನಡಿಗ. ಹೊರದೇಶದಲ್ಲಿ ಕೂತು ಊರಿಗೆ ಕನ್ನಡದಲ್ಲಿ ಪತ್ರ ಬರೆಯೋಕೆ ತವಕಿಸುತ್ತಿದ್ದ ಸಾವಿರಾರು ಜನರಿಗೆ ಅದು ಬಾವಿಗೆ ಹಗ್ಗ ಸಿಕ್ಕ ಹಾಗಾಯ್ತು. ಬರಹದಲ್ಲಿ ಮಾತನ್ನ ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಹೇಳ್ತೀರೋ ಹಾಗೇ ಕುಟ್ಟಬಹುದು. ಕೀಲಿಮಣೆ ಕಲಿಯುವ ಗೋಜೇ ಇಲ್ಲ. ಇನ್ನೊಂದು ಕಡೆ ಕನ್ನಡ ಗಣಕ ಪರಿಷತ್ತಿನವರು ಸರ್ಕಾರಕ್ಕಾಗಿ 'ನುಡಿ' ತಯಾರಿಸಿದರು. ಕಚೇರಿಗಳಿಗೆಲ್ಲ ನುಡಿ ಕಡ್ಡಾಯವಾಯ್ತು. ಯು.ಬಿ. ಪವನಜ ಅವರು ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಅವರು 1996ರಲ್ಲೇ 'ವಿಶ್ವಕನ್ನಡ' ಅಂತ ಅಂತರಜಾಲ ತಾಣ ತೆರೆದರು, ಮಕ್ಕಳು ಕನ್ನಡದಲ್ಲೇ ಪ್ರೋಗ್ರಾಮ್ ಬರೆಯಲಿ ಅಂತ ಲೋಗೋ ಭಾಷೆಯನ್ನ ಕನ್ನಡಕ್ಕೆ ತಂದರು. ನಮ್ಮ ಪೂರ್ಣಚಂದ್ರ ತೇಜಸ್ವಿ, ಮೂಡಿಗೆರೆಯ ತೋಟದಲ್ಲಿ ಮೀನು ಹಿಡಿಯುವ ಲೇಖಕ ಅಂತ ನಾವು ತಿಳ್ಕೊಂಡವರು, ಕನ್ನಡಕ್ಕೆ ಒಳ್ಳೆ ತಂತ್ರಾಂಶ ಬೇಕು ಅಂತ ಸರ್ಕಾರದ ಬೆನ್ನು ಬಿದ್ದಿದ್ದರು.

ಹಾಗಾದರೆ ಕಥೆ ಸುಖಾಂತವೇ? ಇಲ್ಲ.

ಆ ದಿನಗಳ ಬರಹ, ನುಡಿಗಳಲ್ಲಿ ಒಂದು ಅಡ್ಡದಾರಿ ಇತ್ತು. ಆಗಿನ ಕಂಪ್ಯೂಟರುಗಳಿಗೆ ಯೂನಿಕೋಡ್ ಕನ್ನಡ ತೋರಿಸೋಕೆ ಬರ್ತಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ಬಂದು ಅದರ ಜೊತೆ ತುಂಗಾ ಅನ್ನುವ ಫಾಂಟು ಬಂದ ಮೇಲಷ್ಟೇ ಆ ಬಾಗಿಲು ತೆರೀತು. ಅಲ್ಲಿಯವರೆಗೆ ಏನು ಮಾಡಬೇಕು? ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸಿದರು. ಒಳಗಿರೋದು ಇಂಗ್ಲಿಷ್ 'ಸಿ', ಫಾಂಟು ಅದನ್ನ ಅಕಾರದ ಹಾಗೆ ಚಿತ್ರಿಸ್ತದೆ. ಒಳಗಿರೋದು ಕಾಲು ಭಾಗದ ಚಿಹ್ನೆ, ಒಂದರ ಕೆಳಗೆ ನಾಲ್ಕು ಬರೀತೀವಲ್ಲ ಅದು, ಫಾಂಟು ಅದನ್ನ ಳಕಾರ ಮಾಡ್ತದೆ. ಫಾಂಟು ಇರುವ ತನಕ ನಾಟಕ ಚೆನ್ನಾಗಿರ್ತದೆ. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೀರಿ, ಅಳ್ನಾವರದ ಜಾಗದಲ್ಲಿ 'ಸಿ', ಕಾಲು ಭಾಗ, ತಲೆ ಮೇಲೆ ಗೀಟು ಹೊತ್ತ 'ಎ'. ಹಳೆ ಕಡತ ತೆರೆದು ತಲೆ ಚಚ್ಚಿಕೊಂಡವರಿಗೆಲ್ಲ ಈ ಕಸ ಗೊತ್ತು.

ಇದನ್ನ ನಾನು ತಪ್ಪು ಅನ್ನೋದಿಲ್ಲ. ನದಿಗೆ ಸೇತುವೆ ಇಲ್ಲದಾಗ ದೋಣಿ ಕಟ್ಟಿದವರು ಅವರು. ಆದರೆ ಸೇತುವೆ ಬಂದ ಮೇಲೂ ವರ್ಷಗಟ್ಟಲೆ ದೋಣಿಯಲ್ಲೇ ಸರಕು ತುಂಬಿದೆವಲ್ಲ, ಅದು ನಮ್ಮ ತಪ್ಪು. ವೇಷ ಹಾಕಿದ ಅಕ್ಷರವನ್ನ ಹುಡುಕೋಕೆ ಆಗಲ್ಲ, ಅಕಾರಾದಿಯಾಗಿ ಜೋಡಿಸೋಕೆ ಆಗಲ್ಲ. ಲಕ್ಷಗಟ್ಟಲೆ ಪುಟ ಹಾಗೆ ಕೂತಿವೆ. ನುಡಿ, ಬರಹ ಎರಡೂ ಆಮೇಲೆ ಯೂನಿಕೋಡಿಗೆ ಬಂದವು. ನಮ್ಮ ವರದಿಗಾರರಲ್ಲಿ ಕೆಲವರು ಮಾತ್ರ ಇನ್ನೂ ಬಂದಿಲ್ಲ. ಅವರ ಸುದ್ದಿ ಬಂದಾಗಲೆಲ್ಲ ಡೆಸ್ಕಿನಲ್ಲಿ ಪರಿವರ್ತಕಕ್ಕೆ ಹಾಕಿ ಒಗೀತೀವಿ. ಒಗೆದಾಗ ಒಂದೆರಡು ಒತ್ತು ಉದುರ್ತಾವೆ.

ಹೊರಗಿನವರ ಋಣವೂ ಇದೆ, ಅದನ್ನ ಮರೆಯಬಾರದು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ಕ 3221ನೇ ಮನೆ, ದೇವನಾಗರಿಯ ಕ 2325ನೇ ಮನೆ. ವ್ಯತ್ಯಾಸ 896. ಖಕಾರ, ಗಕಾರ ನೋಡಿ, ಅದೇ 896. ಬ್ರಾಹ್ಮಿಯ ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುವವರು ಅನ್ನುವ ಈ ಹೊಳಹನ್ನ ಯಂತ್ರಕ್ಕೆ ತಂದವರು ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಮುಂದುವರಿದ ಜಿಸ್ಟ್ ತಂಡ, ಅದರ ಮುಂದಾಳು ಮೋಹನ್ ತಾಂಬೆ. ಅವರ ಕೆಲಸದಿಂದ ಬಂದ ಭಾರತೀಯ ಸಂಕೇತ ಪಟ್ಟಿಯನ್ನೇ ಯೂನಿಕೋಡ್ ನೆಚ್ಚಿಕೊಂಡಿತು. ಇನ್ನು ಈ ಅಂಕಿಗಳನ್ನ ತಂತಿಯ ಮೇಲೆ ಕಳಿಸುವ ರೀತಿ, ಯುಟಿಎಫ್-8 ಅಂತ ಅದರ ಹೆಸರು, 1992ರಲ್ಲಿ ಅಮೆರಿಕದಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಮೇಜಿನ ಕಾಗದದ ಹಾಸಿನ ಮೇಲೆ ಗೀಚಿ ಮುಗಿಸಿದ್ದು. ಒತ್ತಕ್ಷರ ಕಟ್ಟುವ ಕೆಲಸ? ಆಂಡ್ರಾಯ್ಡ್ ಫೋನುಗಳಲ್ಲಿ ಅದನ್ನ ಮಾಡೋದು ಹಾರ್ಫ್‌ಬಜ್ ಅನ್ನುವ ತಂತ್ರಾಂಶ. ಅದನ್ನ ಕಟ್ಟಿ ಬೆಳೆಸಿದವರು ಇರಾನ್ ಮೂಲದ ಬೆಹದಾದ್ ಎಸ್ಫಾಬೋದ್. ಎಲ್ಲಿಯ ಇರಾನ್, ಎಲ್ಲಿಯ ಅಳ್ನಾವರ! ಳಕಾರಕ್ಕೆ ನಕಾರ ತೂಗಿಬೀಳೋದು ಆ ಮನುಷ್ಯ ಬರೆದ ಸಾಲುಗಳ ಮೇಲೆ. ಅದೂ ಮುಕ್ತ ತಂತ್ರಾಂಶ, ದುಡ್ಡಿಲ್ಲ.

ಯುಟಿಎಫ್-8ರಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದಕ್ಕೆ ಮೂರು ಬೇಕು. ಅಳ್ನಾವರಕ್ಕೆ 21. ಮೊಬೈಲಿನ ಸಾದಾ ಎಸ್‌ಎಂಎಸ್‌ನಲ್ಲೂ ಹಾಗೇ, ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70. ರೈತರಿಗೆ ಬರುವ ಎಷ್ಟೋ ಸಂದೇಶ ಇಂಗ್ಲಿಷಿನಲ್ಲಿ ಯಾಕೆ ಬರ್ತಾವೆ ಅನ್ನೋದಕ್ಕೆ ಇದೂ ಒಂದು ಕಾರಣ. ಒಂದರ ಜಾಗದಲ್ಲಿ ಎರಡು ಸಂದೇಶದ ಖರ್ಚು.

ಇದೆಲ್ಲ ತಲೆಯಲ್ಲಿ ಇಟ್ಟುಕೊಂಡೇ ಮುಂದಿನ ವಾರ ಧಾರವಾಡದ ಕೆಲಸ ಮುಗಿಸಿ ಅಳ್ನಾವರಕ್ಕೆ ಹೋದೆ. ಫೋನ್ ಮಾಡಿದವರು ಸ್ಟೇಷನ್ ಹತ್ತಿರವೇ ಸಿಕ್ಕರು. ಹುಬ್ಬಳ್ಳಿಯಿಂದ ಲೋಂಡಾಕ್ಕೆ ಹೋಗುವ ದಾರಿಯಲ್ಲಿ ದಾಂಡೇಲಿಗೆ ಕವಲು ಒಡೆಯುವ ಜಂಕ್ಷನ್ ಅದು. ಫಲಕ ನೋಡಿದೆ. ಕನ್ನಡದಲ್ಲಿ ಳ ಇದೆ, ಇಂಗ್ಲಿಷಿನಲ್ಲಿ ಬರೀ 'ಎಲ್'. ಇಂಗ್ಲಿಷ್ ಫಲಕವನ್ನ ಯಂತ್ರಕ್ಕೆ ಕೊಟ್ಟು ವಾಪಸ್ ಕನ್ನಡಕ್ಕೆ ತಾ ಅಂದರೆ ಏನು ತರ್ತದೆ? ಅಲ್ನಾವರ್. ಊರು ಹೋಗಿ ಬರುವಷ್ಟರಲ್ಲಿ ಬದಲಾಗಿರ್ತದೆ.

ಚಹಾ ಬಂತು. ಅವರು ಚೀಲದಿಂದ ಎರಡು ಕಾಗದ ತೆಗೆದರು. ಒಂದು ಹೊಲದ ಉತಾರ, ಇನ್ನೊಂದು ಬ್ಯಾಂಕಿನ ಪಾಸ್‌ಬುಕ್.

"ಸರ, ಊರು ಒಡದಿದ್ದು ಬಿಡ್ರಿ. ನನ್ನ ಹೆಸರೂ ಒಡದೈತ್ರಿ. ಇದು ನಾನಾ, ಇದೂ ನಾನಾ. ಇಬ್ಬರೂ ಒಬ್ಬನಾ ಅಂತ ಕಂಪ್ಯೂಟರ್ ಒಪ್ಪವಲ್ದು."

ಅವರ ಹೆಸರು ಇಲ್ಲಿ ಬೇಡ. ಅಂಥದೇ ಇನ್ನೊಂದು ಹೆಸರು ಹಿಡಿಯೋಣ, ಬಸವಣ್ಣೆಪ್ಪ ಅಂತ. ಉತಾರದಲ್ಲಿ ಕನ್ನಡದಲ್ಲಿ ಸರಿಯಾಗಿದೆ. ಬ್ಯಾಂಕಿನಲ್ಲಿ ಇಂಗ್ಲಿಷ್. ಇಂಗ್ಲಿಷಿನಲ್ಲಿ ಣಕಾರವೂ ಅದೇ 'ಎನ್', ನಕಾರವೂ ಅದೇ 'ಎನ್'. ಎರಡು 'ಎನ್' ಬರೆದವರೂ ಇದ್ದಾರೆ, ಒಂದೇ ಬರೆದವರೂ ಇದ್ದಾರೆ. ವಾಪಸ್ ಕನ್ನಡಕ್ಕೆ ಬಂದಾಗ ಬಸವನ್ನೆಪ್ಪ, ಬಸವನೇಪ, ಬಸವಣ್ಣಪ್ಪ. ಯಾರ ಕೈತಪ್ಪೂ ಇಲ್ಲ ಇದರಲ್ಲಿ. 26 ಅಕ್ಷರದ ಜರಡಿಯಲ್ಲಿ ನಮ್ಮ ವರ್ಣಮಾಲೆಯನ್ನ ಸೋಸಿದರೆ ಉಳಿಯೋದು ಇಷ್ಟೇ.

ಉತಾರದ ಕಥೆ ನಿಮಗೆ ನೆನಪಿರಬಹುದು, ಮೈಸೂರು ಸೀಮೆಯವರು ಪಹಣಿ ಅಂತಾರೆ. ಹಿಂದೆ ಅದು ತಲಾಟಿಯ ಕಪಾಟಿನಲ್ಲಿತ್ತು. ತಲಾಟಿ ಸಿಗಬೇಕು, ಮನಸ್ಸು ಮಾಡಬೇಕು, ಕೈಬೆಚ್ಚಗಾಗಬೇಕು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತರು, ರಾಷ್ಟ್ರೀಯ ಮಾಹಿತಿ ಕೇಂದ್ರ ಅಂದರೆ ಎನ್‌ಐಸಿಯ ಪ್ರೋಗ್ರಾಮರುಗಳು ತಂತ್ರಾಂಶ ಬರೆದರು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಏರಿದವು. ಆಗಿದ್ದ 177 ತಾಲೂಕಿನಲ್ಲೂ ಕಿಟಕಿ ತೆರೆದರು, 15 ರೂಪಾಯಿಗೆ ಉತಾರ. ಕಂಪ್ಯೂಟರ್ ಉತಾರ ಬಂದಲ್ಲಿ ಕೈಬರಹದ್ದಕ್ಕೆ ಬೆಲೆ ಇಲ್ಲ ಅಂದರು. ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಒಂದು ಸಣ್ಣ ನಿಯಮ. ಹಕ್ಕು ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು ಅನ್ನೋದನ್ನ ಪ್ರೋಗ್ರಾಮಿನೊಳಗೇ ಬರೆದುಬಿಟ್ಟರು. ಅಧಿಕಾರಿ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು. ಬೇಕಾದವರ ಅರ್ಜಿಯನ್ನ ಮೇಲೆ ಎಳೆದುಕೊಳ್ಳೋಕೆ ಯಂತ್ರ ಬಿಡೋದಿಲ್ಲ. ಆ ಸಾಲು ಬರೆದ ಪ್ರೋಗ್ರಾಮರ್ ಯಾರೋ ಏನೋ, ಹೆಸರು ಯಾವ ಫಲಕದ ಮೇಲೂ ಇಲ್ಲ. ಸಾವಿರ ಸಲ ಲಂಚ ತಪ್ಪಿಸಿರಬೇಕು ಆ ಪುಣ್ಯಾತ್ಮ.

ಆದರೆ ದಾಖಲೆ ಕಂಪ್ಯೂಟರಿಗೆ ಹೋದ ಮೇಲೆ ಇನ್ನೊಂದು ಸಮಸ್ಯೆ ಹುಟ್ಟಿತು. ಈಗ ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ಮಾತಾಡ್ತದೆ. 2018ರ ಸಾಲ ಮನ್ನಾ ಕಾಲದಲ್ಲಿ ಆಧಾರ್, ಪಡಿತರ ಚೀಟಿ, ಸರ್ವೆ ನಂಬರು ಮೂರನ್ನೂ ರೈತರಿಂದ ತಗೊಂಡು ತಾಳೆ ನೋಡಿದರು. ಈಗ ಬೆಳೆ ಪರಿಹಾರ ಇರಲಿ, ಬೀಜ ಗೊಬ್ಬರ ಇರಲಿ, 'ಫ್ರೂಟ್ಸ್' ತಂತ್ರಾಂಶದಲ್ಲಿ ರೈತನಿಗೆ ಎಫ್‌ಐಡಿ ಅಂತ ನಂಬರು ಬೇಕು. ತಲಾಟಿ ಇದ್ದಾಗ ಬಸವಣ್ಣೆಪ್ಪ, ಬಸವನೇಪ ಇಬ್ಬರೂ ಒಬ್ಬರೇ ಅಂತ ಅವರಿಗೆ ಮುಖ ನೋಡಿ ಗೊತ್ತಾಗ್ತಿತ್ತು. ಕಂಪ್ಯೂಟರಿಗೆ ಮುಖ ಇಲ್ಲ. ಅದು ನೋಡೋದು ಅಂಕಿ. ಣಕಾರ ಒಂದು ಅಂಕಿ, ನಕಾರ ಇನ್ನೊಂದು. ಅಂಕಿ ಬೇರೆ ಅಂದ ಮೇಲೆ ಮನುಷ್ಯನೂ ಬೇರೆ.

ಇನ್ನೂ ವಿಚಿತ್ರ ಹೇಳ್ತೀನಿ. ರಾಜ್‌ಕುಮಾರ್ ಅಂತ ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗಿ ಅಂಟದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇಡ್ತಾರೆ, ಅದರ ನಂಬರು 8204. ಒಬ್ಬ ಗುಮಾಸ್ತರು ಅದನ್ನ ಇಟ್ಟು ಬರೆದು, ಇನ್ನೊಬ್ಬರು ಅದರ ಬದಲು ಜಾಗ ಬಿಟ್ಟು ಬರೆದರೆ ಓದೋಕೆ ಒಂದೇ, ಯಂತ್ರಕ್ಕೆ ಇಬ್ಬರು ರಾಜ್‌ಕುಮಾರರು.

ಪರಿಹಾರ ಇದೆಯಾ? ಇದೆ, ಹಳೇದು. 1918ರಲ್ಲೇ ಅಮೆರಿಕದ ರಾಬರ್ಟ್ ರಸೆಲ್ ಎಂಬುವರು ಇದಕ್ಕೊಂದು ಉಪಾಯಕ್ಕೆ ಪೇಟೆಂಟ್ ತಗೊಂಡಿದ್ದರು. ಹೆಸರನ್ನ ಕಾಗುಣಿತದ ಬದಲು ಉಚ್ಚಾರದ ಗುಂಪಿನ ಪ್ರಕಾರ ಜೋಡಿಸೋದು. ಕನ್ನಡಕ್ಕೆ ಇದನ್ನ ಹೀಗೆ ಒಗ್ಗಿಸಬಹುದು: ತಾಳೆ ನೋಡುವ ಹೊತ್ತಿನಲ್ಲಿ ಮಾತ್ರ ಣ-ನ ಒಂದೇ ಅನ್ನಿ, ಳ-ಲ ಒಂದೇ ಅನ್ನಿ, ಮಹಾಪ್ರಾಣ ಬಿಡಿ, ಹ್ರಸ್ವ ದೀರ್ಘ ಬಿಡಿ, ಒತ್ತು ಇದ್ದರೂ ಇಲ್ಲದಿದ್ದರೂ ಒಂದೇ ಅನ್ನಿ. ಆಗ ಬಸವಣ್ಣೆಪ್ಪ, ಬಸವನೇಪ ಒಂದೇ ಸಾಲಿಗೆ ಬರ್ತಾರೆ. ಆದರೆ ಹುಷಾರಾಗಿರಬೇಕು. ನಮ್ಮ ಕಡೆ ಒಂದೇ ಓಣಿಯಲ್ಲಿ ನಾಲ್ಕು ಬಸವಣ್ಣೆಪ್ಪ ಇರ್ತಾರೆ, ಅಡ್ಡಹೆಸರಿನಿಂದ ಗುರುತು ಹಿಡೀಬೇಕು. ಜಾಲ ಸಡಿಲ ಮಾಡಿದರೆ ಒಬ್ಬನ ದುಡ್ಡು ಇನ್ನೊಬ್ಬನ ಖಾತೆಗೆ. ಬಿಗಿ ಮಾಡಿದರೆ ಯಾರ ಖಾತೆಗೂ ಇಲ್ಲ. ಹಾಗಾಗಿ ಯಂತ್ರ "ಇವರಿಬ್ಬರೂ ಒಬ್ಬರೇ ಇರಬಹುದು" ಅಂತ ಹೇಳಿ ನಿಲ್ಲಬೇಕು. ಹೌದೋ ಅಲ್ಲವೋ ಅಂತ ಊರು ಬಲ್ಲ ಮನುಷ್ಯ ಹೇಳಬೇಕು. ಎರಡು ಕೆಲಸವನ್ನೂ ಯಂತ್ರದ ತಲೆಗೇ ಕಟ್ಟೋದು ನನಗೆ ಸರಿ ಕಾಣೋದಿಲ್ಲ. ಯಂತ್ರ ಒಪ್ಪಲಿಲ್ಲ ಅಂತ ರೈತನನ್ನ ಮೂರು ಕಚೇರಿ ಅಲೆಸೋದಂತೂ ಅನ್ಯಾಯ.

ಅಳ್ನಾವರದ ಆ ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ಏಳು ಅಂಕಿ ಬರೆದು ತೋರಿಸಿದೆ, ಇರಾನ್‌ನವರ ಕಥೆ ಹೇಳಿದೆ. ಗಮನವಿಟ್ಟು ಕೇಳಿದರು. ಪಾಸ್‌ಬುಕ್ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾ ಕೇಳಿದರು: "ಅಂದ್ರ ಸರ, ನನ್ನ ಹೆಸರಿನ ನಂಬರ್ ಸರಿ ಮಾಡಿಸಾಕ ಯಾವ ಆಫೀಸಿಗೆ ಹೋಗ್ಬೇಕ್ರಿ?"

ಬ್ಯಾಂಕಿನಲ್ಲಿ ಕೇಳಿದೆವು. ಆಧಾರ್‌ನಲ್ಲಿ ಇದ್ದ ಹಾಗೆ ಇರಬೇಕು ಅಂದರು. ಆಧಾರ್ ತಿದ್ದೋಕೆ ದಾಖಲೆ ಬೇಕು ಅಂತ ಇನ್ನೊಂದು ಕಡೆ. ಅವರ ಹತ್ತಿರ ಇರುವ ದಾಖಲೆ ಉತಾರ.

ನಮ್ಮ ಗ್ರಾಫಿಕ್ಸ್ ಹುಡುಗರು ಆ ವಾರವೇ ಸ್ಕ್ರೋಲಿನ ಫಾಂಟು ಮತ್ತು ತಂತ್ರಾಂಶ ಎರಡನ್ನೂ ಬದಲಿಸಿದರು. ಅಣ್ಣಿಗೇರಿ, ಹುಬ್ಬಳ್ಳಿ, ಅಳ್ನಾವರ ಮೂರನ್ನೂ ಓಡಿಸಿ ನೋಡಿ ನನ್ನನ್ನ ಕರೆದು ತೋರಿಸಿದರು. ಮೊನ್ನೆ ಮತ್ತೆ ಫೋನ್ ಬಂತು.

"ಟಿವ್ಯಾಗ ಊರ ಹೆಸರು ಈಗ ಚೊಲೋ ಬರಾಕತ್ತೈತ್ರಿ ಸರ," ಅಂದರು. "ನನ್ನದು ಇನ್ನೂ ಆಗಿಲ್ರಿ. ಸೋಮವಾರ ಮತ್ತ ಬಾ ಅಂದಾರ."